ದೊಡ್ಡವ್ವ ತುಂಬಿದ ತೋಟಾ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರ ಬಂದಲ್ಲಿ ಕೈ ತಡೆಯುತ್ತದೆ. ಪೆನ್ಸಿಲ್ಲಿನಲ್ಲಿ ಬರೆದು, ಒರೆಸಿ, ಮತ್ತೆ ಬರೆದಿದ್ದರಿಂದ ಕೆಲವು ಕಡೆ ಹಾಳೆ ತೆಳ್ಳಗಾಗಿದೆ. ಕಲಬುರಗಿಯ ಮಿಷನ್ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಅರ್ಧ ಓದಿ ಬಿಟ್ಟವಳು ನಾನು. ದೊಡ್ಡ ಮಾತುಗಳು ನನಗೆ ಬರುವುದಿಲ್ಲ. ನಾನು ನೋಡಿದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಮಾಡಿ ಬರೆಯಲು ಪ್ರಯತ್ನ ಮಾಡಿದ್ದೇನೆ.

ಇದು ನನ್ನ ದೊಡ್ಡವ್ವ ಬಂಡೆಮ್ಮನ ವಿಷಯ. ನನ್ನ ಅಪ್ಪನ ಹೆಸರು ದತ್ತಪ್ಪ. ಅಪ್ಪನ ಅಣ್ಣ ಮರೆಪ್ಪ. ಆ ಮರೆಪ್ಪನ ಹೆಂಡತಿ ಬಂಡೆಮ್ಮ. ನಮ್ಮದು ಕಮಲಾಪುರದ ಕೇರಿ. ದೇಶಮುಖ ನೀಲಕಂಠರಾಯರ ವಾಡೆಗೆ ತಲೆತಲಾಂತರದಿಂದ ಬಿಟ್ಟಿ ದುಡಿಯುವ ಮನೆತನ. ಊರಿನಲ್ಲಿ ನಮಗೆ ಇನ್ನೊಂದು ಹೆಸರೂ ಇದೆ: ಕುಡಿಕೆ ಹೊರುವವರು.

ಮಹಾನವಮಿಯ ದಿನ ವಾಡೆಯಲ್ಲಿ ಆಯುಧಗಳ ಪೂಜೆ ಆದ ಮೇಲೆ, ಕುಂಕುಮದ ನೀರು ತುಂಬಿದ ಸಣ್ಣ ಮಣ್ಣಿನ ಕುಡಿಕೆಯನ್ನು ನಮ್ಮ ಮನೆಯ ಹಿರಿಯ ಗಂಡಸಿನ ತಲೆಯ ಮೇಲೆ ಇಡುತ್ತಾರೆ. ತಲೆಗೆ ರುಮಾಲು ಇರಬಾರದು, ಸಿಂಬಿ ಇರಬಾರದು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ದೇಶಮುಖರು ಹದಿನೈದು ಹೆಜ್ಜೆ ದೂರದಿಂದ ಆ ಕುಡಿಕೆ ಒಡೆಯಬೇಕು. ಕೆಂಪು ನೀರು ನೆಲಕ್ಕೆ ಬಿದ್ದರೆ ವಾಡೆಗೆ ಆ ವರ್ಷ ಒಳ್ಳೆಯದು ಎಂದು ನಂಬಿಕೆ. ನೀಲಕಂಠರಾಯರ ತಂದೆಯ ಕಾಲದಲ್ಲಿ ಕವಣೆಕಲ್ಲಿನಿಂದ ಒಡೆಯುತ್ತಿದ್ದರಂತೆ. ನಮ್ಮ ಮುತ್ಯಾನ ಬಲಗಿವಿ ಹೋದದ್ದು ಅದರಲ್ಲೇ. ನೀಲಕಂಠರಾಯರು ಬಂದ ಮೇಲೆ ಕವಣೆ ಹೋಗಿ ತಮಂಚಾ ಬಂತು. ಮದ್ದು, ಗುಂಡು ಕೂಡಿಸಿ ತುಂಬಿದ ಆರು ತೋಟಾ ಹಿಡಿಯುವ ವಿಲಾಯತಿ ರಿವಾಲ್ವರ್ ಅದು. ನಮ್ಮ ಕಡೆ ಎಲ್ಲರೂ ತಮಂಚಾ ಎಂದೇ ಅನ್ನುತ್ತಾರೆ.

ದೊಡ್ಡವ್ವ ಈ ಕೆಲಸಕ್ಕೆ ಬಂದದ್ದು ತಾನಾಗಿ ಅಲ್ಲ. ಕಲಬುರಗಿಯ ಕಿಲ್ಲೆಯ ಹತ್ತಿರ ನಬಿಸಾಬರ ಬಂದೂಕು ರಿಪೇರಿ ಅಂಗಡಿ ಇದೆ. ತಿದಿ ಒತ್ತಲು ಒಂದು ಆಳು ಬೇಕು ಎಂದು ನಬಿಸಾಬರು ದೇಶಮುಖರನ್ನು ಕೇಳಿದರು. ದೇಶಮುಖರು ಬಂಡಿಯಲ್ಲಿ ದೊಡ್ಡವ್ವನನ್ನು ಕಳಿಸಿಕೊಟ್ಟರು, ಹುಲ್ಲಿನ ಹೊರೆ ಕಳಿಸಿದ ಹಾಗೆ. ಮದುವೆಯಾಗಿ ಆಗ ಒಂದು ವರ್ಷವೂ ಆಗಿರಲಿಲ್ಲ. ಅಮಾವಾಸ್ಯೆಗೊಮ್ಮೆ, ಮತ್ತೆ ಮಹಾನವಮಿಗೆ ಮಾತ್ರ ಊರಿಗೆ ಹೋಗಲು ಅಪ್ಪಣೆ. ಮಹಾಗಾಂವದವರೆಗೆ ಯಾರದಾದರೂ ಬಂಡಿ ಸಿಕ್ಕರೆ ಹತ್ತುವುದು, ಇಲ್ಲವಾದರೆ ನಡೆಯುವುದು. ಹೀಗೆ ಹದಿಮೂರು ವರ್ಷ.

ಮೊದಲ ಮೂರು ವರ್ಷ ನಬಿಸಾಬರು ಬಹಳ ಕೆಟ್ಟವರಾಗಿದ್ದರು. ಇದನ್ನು ಅವರೇ ನನ್ನ ಮುಂದೆ ಒಪ್ಪಿಕೊಂಡಿದ್ದಾರೆ. ದೊಡ್ಡವ್ವ ಸೀಸ ಕರಗಿಸಿ ಅಚ್ಚಿಗೆ ಹೊಯ್ಯಬೇಕು. ಹೊರಬಂದ ಗುಂಡಿನ ಮೇಲೆ ಸುಕ್ಕು ಇದ್ದರೆ, ಒಂದು ಸುಕ್ಕಿಗೆ ಬೆರಳ ಗೆಣ್ಣಿನ ಮೇಲೆ ಒಂದು ಏಟು, ನಳಿಗೆ ತಿಕ್ಕುವ ಕಬ್ಬಿಣದ ಕಡ್ಡಿಯಿಂದ. ಆಮೇಲೆ ನಬಿಸಾಬರ ಕಣ್ಣಿಗೆ ಪೊರೆ ಬಂತು. ಹೊಡೆಯಲು ಬೆರಳು ಕಾಣಿಸದಾಯಿತು. ಅಷ್ಟು ಹೊತ್ತಿಗೆ ಅವಳ ಗುಂಡಿನಲ್ಲಿ ಸುಕ್ಕೂ ಇರಲಿಲ್ಲ. ತೋಟಾ ತುಂಬುವ ಕೆಲಸ ಪೂರ್ತಿ ಅವಳ ಕೈಗೆ ಬಂತು.

ನಾನು ಶಾಲೆಗೆ ಹೋಗುತ್ತಿದ್ದಾಗ ಅಂಗಡಿಯ ಹಿಂದಿನ ಚಪ್ಪರದಲ್ಲಿ ಅವಳ ಜೊತೆ ಇದ್ದೆ. ಅವಳ ಕೆಲಸ ನಾನು ನೋಡಿದ್ದು. ಅಕ್ಕಸಾಲಿಗರ ತಕ್ಕಡಿಯಲ್ಲಿ ಗುಲಗಂಜಿ ಇಟ್ಟು ಮದ್ದು ತೂಗುತ್ತಿದ್ದಳು. ದೇಶಮುಖರ ತಮಂಚಾಕ್ಕೆ ಒಂದೂವರೆ ತೊಲದ ಗುಂಡು, ಎಂಟು ಗುಲಗಂಜಿ ಕರಿಮದ್ದು. ಒಂಬತ್ತಲ್ಲ, ಏಳೂವರೆ ಅಲ್ಲ. ಮದ್ದು ಹೊಯ್ಯುವಾಗ ಯಾರಾದರೂ ಮಾತಾಡಿಸಿದರೆ, ಹೊಯ್ದದ್ದನ್ನು ತಿರುಗಿ ಬಟ್ಟಲಿಗೆ ಸುರಿದು ಮೊದಲಿನಿಂದ ತೂಗುತ್ತಿದ್ದಳು. ಒಂದು ಸಲ ನಾನು ಸೀನಿದ್ದಕ್ಕೆ ಆರು ತೋಟಾ ಬಿಚ್ಚಿದಳು.

"ನಿನ ದೊಡ್ಡಪ್ಪನ ತಲಿ ಮ್ಯಾಲಿನ ಕುಡಿಕಿ ಇದು" ಅಂದಳು. "ಸೀನೂದಿದ್ರ ಹೊರಗ ಹೋಗಿ ಸೀನು."

ನಳಿಗೆಯ ತುದಿಯಲ್ಲಿ ಗುರಿ ನೋಡಲು ಒಂದು ಸಣ್ಣ ಕಬ್ಬಿಣದ ಚೂರು ನಿಂತಿರುತ್ತದೆ. ಸಿಪಾಯಿಗಳು ಅದಕ್ಕೆ ಮಖ್ಖಿ ಎನ್ನುತ್ತಾರೆ, ನೊಣ ಕೂತ ಹಾಗೆ ಕಾಣುತ್ತದೆ ಎಂದು. ದೇಶಮುಖರ ತಮಂಚಾದ ಮಖ್ಖಿಯನ್ನು ನಬಿಸಾಬರು ಒಂದೂವರೆ ತೊಲದ ಗುಂಡಿಗೆ ಸರಿಯಾಗಿ ಅರದಿಂದ ತಿಕ್ಕಿ ಕೂಡಿಸಿದ್ದರು. ಕುಡಿಕೆಯ ನಡುವಿಗೆ ಗುರಿ ಇಟ್ಟರೆ ಕುಡಿಕೆಯ ನಡುವಿಗೇ ಗುಂಡು. ಏಳು ಮಹಾನವಮಿ ಹಾಗೇ ಕಳೆದವು. ದೊಡ್ಡಪ್ಪ ಏಳು ಸಲ ಕೆಂಪು ನೀರಿನಲ್ಲಿ ತೊಯ್ದು ನಗುತ್ತ ಮನೆಗೆ ಬಂದ.

ದೊಡ್ಡ ಲಡಾಯಿ ಮುಗಿದ ಮರುವರ್ಷ, ಹಬ್ಬಕ್ಕೆ ಹದಿನೈದು ದಿನ ಇರುವಾಗ, ನೀಲಕಂಠರಾಯರು ಟಾಂಗಾದಲ್ಲಿ ಅಂಗಡಿಗೆ ಬಂದರು. ನಾನು ಚಪ್ಪರದ ಸಂದಿನಿಂದ ನೋಡುತ್ತಿದ್ದೆ. ತಮಂಚಾದ ಜೊತೆ ಒಂದು ತಗಡಿನ ಡಬ್ಬಿ ಇಟ್ಟರು.

"ಹೈದರಾಬಾದಿನಿಂದ ದೋಸ್ತ ಕಳಸ್ಯಾನ, ನಬಿಸಾಬ. ಹೊಗಿ ಇಲ್ಲದ ಮದ್ದು. ಹನ್ನೆರಡೇ ತೋಟಾ. ಈ ಸಲ ಕುಡಿಕಿ ಇದರಿಂದನೇ. ತಮಂಚಾ ತಿಕ್ಕಿ ಇಡು, ಶುಕ್ರವಾರ ಒಯ್ತೀನಿ."

ಅವರು ಹೋದ ಮೇಲೆ ದೊಡ್ಡವ್ವ ಒಂದು ತೋಟಾ ಅಂಗೈಯಲ್ಲಿ ಇಟ್ಟುಕೊಂಡು ನಿಂತಳು. ಆಮೇಲೆ ತಕ್ಕಡಿಗೆ ಹಾಕಿದಳು.

"ಹಗೂರ ಅದರಿ ಇದು. ಗುಂಡು ಒಂದು ತೊಲನೂ ಇರಲಿಕ್ಕಿಲ್ಲ."

ನಬಿಸಾಬರು ಗಡ್ಡ ಕೆರೆದುಕೊಂಡರು. "ಹಗೂರ ಗುಂಡು, ಜೋರು ಮದ್ದು. ಕೆಳಗ ಬೀಳ್ತದ ಬೇಟಿ."

"ಜೋರು ಮದ್ದಂದ್ರ ಮ್ಯಾಲ ಹೋಗಬೇಕಲ್ಲರಿ?"

"ಎಲ್ಲಾರೂ ಹಂಗ ತಿಳೀತಾರ. ತಮಂಚಾ ಸಿಡದಾಗ ಮೂತಿ ಎತ್ತತದ. ಭಾರ ಗುಂಡು ಸಾವಕಾಶ ಹೊಂಟಿರ್ತದ, ಅದು ಬಾಯಿಗೆ ಬರೂದ್ರಾಗ ಬಾಯಿ ಮ್ಯಾಲ ಎದ್ದಿರ್ತದ. ಹಗೂರಂದು ಕಳ್ಳನಂಗ. ಬಾಯಿ ಏಳೂದಕ್ಕ ಮದಲೇ ಓಡಿ ಹೋಗಿರ್ತದ. ನೀನೇ ನೋಡು ಹೋಗು."

ಮರುದಿನ ನಂದೂರ ಕಡೆಯ, ಕಲ್ಲು ತೆಗೆಯುವ ಕಣಿಯಲ್ಲಿ ನೋಡಿದೆವು. ನಾನು ಕುಡಿಕೆ ಹೊತ್ತುಕೊಂಡು ಹೋಗಿದ್ದೆ. ತಮಂಚಾವನ್ನು ಕಲ್ಲಿನ ಮೇಲೆ ಮರಳಿನ ಚೀಲ ಇಟ್ಟು, ಅದರ ಮೇಲೆ ಮಣಿಕಟ್ಟು ಊರಿ ದೊಡ್ಡವ್ವ ಹಾರಿಸಿದಳು. ಅವಳ ತೋಟಾ ಕುಡಿಕೆಯ ನಡುವಿಗೆ ಬಿತ್ತು. ಹೊಸ ತೋಟಾ ಎರಡು ಹಾರಿಸಿದಳು. ಎರಡೂ ಗುರಿಗಿಂತ ನಾಲ್ಕು ಬೆರಳು ಕೆಳಗೆ, ಕುಡಿಕೆ ಇಟ್ಟ ಕಲ್ಲಿಗೆ ಬಡಿದವು. ಕಲ್ಲಿನ ಚೂರು ಹಾರಿ ನನ್ನ ಕಾಲಿಗೆ ಬಿತ್ತು. ದೊಡ್ಡವ್ವ ಹೋಗಿ ಆ ಕಲ್ಲಿನ ಗಾಯದಲ್ಲಿ ಬೆರಳು ಇಟ್ಟು ಬಹಳ ಹೊತ್ತು ಕೂತಳು. ಅದು ತಲೆ ಇರುವ ಜಾಗ.

"ಧಣಿಗೆ ಹೇಳ್ರಿ" ಎಂದು ಅಂಗಡಿಗೆ ತಿರುಗಿ ಬಂದು ನಬಿಸಾಬರ ಕಾಲು ಹಿಡಿದಳು.

"ನಾ ಹೇಳಂಗಿಲ್ಲ. ನಾಳೆ ನನ್ನ ಅಂಗಡಿಗಿ ಬೆಂಕಿ ಬಿದ್ರ ನೀ ಆರಸ್ತೀಯೇನು?"

ಶುಕ್ರವಾರ ದೇಶಮುಖರು ಬಂದಾಗ ಅವಳೇ ಹೇಳಿದಳು. ನೆಲ ನೋಡುತ್ತ ಹೇಳಿದಳು. "ಹೊಸಾ ತೋಟಾ ಕೆಳಗ ಬೀಳ್ತದರಿ ಧಣಿ. ನಾಲ್ಕು ಬೆರಳು."

ದೇಶಮುಖರಿಗೆ ಸಿಟ್ಟು ಬರಲಿಲ್ಲ. ಡಬ್ಬಿ ತೆಗೆದು ನೋಡಿದರು. "ಹತ್ತು ಅವ. ಹನ್ನೆರಡು ಇಟ್ಟು ಹೋಗಿದ್ದೆ. ನನ್ನ ತಮಂಚಾ ನೀ ಹಾರಸ್ದಿ?"

"ಹೌದ್ರಿ."

"ಎರಡು ತೋಟಾ ಅಂದ್ರ ಎರಡು ಬೆರಳು. ಚಾಚು."

ಅವಳು ಎಡಗೈ ಚಾಚಿದಳು. "ಅದಲ್ಲ, ಹಾರಿಸಿದ ಕೈ" ಅಂದರು. ಬೆತ್ತದ ಬೆಳ್ಳಿಯ ಹಿಡಿಕೆಯಿಂದ ಬಲಗೈಯ ಎರಡು ಬೆರಳಿಗೆ ಒಂದೊಂದೇ ಏಟು ಹಾಕಿದರು. ಗಡಿಬಿಡಿ ಇಲ್ಲದೆ, ಮೊಳೆ ಹೊಡೆದ ಹಾಗೆ. ಆಮೇಲೆ ನಬಿಸಾಬರ ಕಡೆ ತಿರುಗಿ, "ತಮಂಚಾದ ಕುದುರಿ ಎಳದ್ರ ಬೆರಳಿಗೆ ಸ್ವಲ್ಪ ಬಿಗಿ ಅದ, ಹಗೂರ ಮಾಡಸು. ಸೋಮವಾರ ಆಳು ಕಳಸ್ತೀನಿ" ಎಂದು ತಮಂಚಾ ಬಿಟ್ಟು, ಡಬ್ಬಿ ತೆಗೆದುಕೊಂಡು ಹೋದರು.

ಆ ಭಾನುವಾರ ದೊಡ್ಡವ್ವ ಮಾಡಿದ್ದು ನಾನು ನೋಡಿದ್ದೇನೆ, ನಬಿಸಾಬರು ನೋಡಿಲ್ಲ. ಬಾತ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಸಣ್ಣ ಅರ ಹಿಡಿದು, ಮಖ್ಖಿಯನ್ನು ಒಂದು ಅಕ್ಕಿಕಾಳಿನ ದಪ್ಪದಷ್ಟು ತಿಕ್ಕಿದಳು. ಮಖ್ಖಿ ಗಿಡ್ಡವಾದರೆ ಗುರಿ ಹಿಡಿಯುವವನು ಮೂತಿಯನ್ನು ಅಷ್ಟು ಎತ್ತಬೇಕಾಗುತ್ತದೆ, ಗುಂಡು ಮೇಲೆ ಹೋಗುತ್ತದೆ. ಹೊಳೆಯುವ ಜಾಗಕ್ಕೆ ದೀಪದ ಮಸಿ ಹಚ್ಚಿದಳು. ನನಗೆ ಹೀಗೆ ಲೆಕ್ಕ ಹೇಳಿದಳು:

"ಈಗ ಹೊಸಾದು ಕುಡಿಕಿಗೆ ಬೀಳ್ತದ. ಹಳೇದು ಹಾಕಿದ್ರ ಕುಡಿಕಿ ದಾಟಿ ಮ್ಯಾಲ ಹೋಗ್ತದ, ಗಾಳಿಗೆ. ಹೆಂಗಾದ್ರೂ ಅವ ಉಳೀತಾನ."

ನನಗೂ ಸರಿ ಅನ್ನಿಸಿತು. ಎರಡು ಸಲ ಯೋಚನೆ ಮಾಡಿದೆ, ಸರಿಯೇ ಅನ್ನಿಸಿತು. ನಾವಿಬ್ಬರೂ ಗುಂಡು, ಮದ್ದು, ಕಬ್ಬಿಣ ಮೂರನ್ನೂ ಲೆಕ್ಕಕ್ಕೆ ಹಿಡಿದೆವು. ತಮಂಚಾ ಹಿಡಿಯುವ ಮನುಷ್ಯ ಹಬ್ಬಕ್ಕೆ ಮುಂಚೆ ಅಭ್ಯಾಸ ಮಾಡುತ್ತಾನೆ ಎಂಬುದನ್ನು ಹಿಡಿಯಲಿಲ್ಲ.

ಹಬ್ಬದ ದಿನ ವಾಡೆಯ ಅಂಗಳದಲ್ಲಿ ಜನ ತುಂಬಿದ್ದರು. ನಮ್ಮ ಕೇರಿಯವರು ಬೇವಿನ ಗಿಡದ ಆಚೆ ನಿಲ್ಲಬೇಕು. ದೊಡ್ಡವ್ವ ನನ್ನ ಕೈ ಹಿಡಿದುಕೊಂಡಿದ್ದಳು. ದೊಡ್ಡಪ್ಪನ ತಲೆಯ ಮೇಲೆ ಕುಡಿಕೆ ಇಟ್ಟಿದ್ದರು. ಅವನು ನಮ್ಮ ಕಡೆ ನೋಡಿ ಹುಬ್ಬು ಹಾರಿಸಿದ. ಪ್ರತಿ ವರ್ಷ ಹಾಗೆ ಮಾಡಿ ದೊಡ್ಡವ್ವನನ್ನು ನಗಿಸುತ್ತಿದ್ದ. ಅವಳೂ ನಕ್ಕಳು. ಆ ವರ್ಷ ಅವಳಿಗೆ ಹೆದರಿಕೆ ಇರಲಿಲ್ಲ.

ಕಟ್ಟೆಯ ಮೇಲೆ ಹೈದರಾಬಾದಿನಿಂದ ಹಬ್ಬಕ್ಕೆ ಕರೆಸಿದ ಪಾಹುಣರು ನಾಲ್ಕೈದು ಜನ ಕುರ್ಚಿಯಲ್ಲಿ ಕೂತಿದ್ದರು. ದೇಶಮುಖರು ಅವರಿಗೆ ದೊಡ್ಡ ದನಿಯಲ್ಲಿ ಹೇಳುತ್ತಿದ್ದರು.

"ಈ ಸಲ ತಮಂಚಾ ಯಾಕೋ ಮ್ಯಾಲ ಎಗರಾಕತ್ತಿತ್ತು ನೋಡ್ರಿ. ಮೂರು ದಿನ ಬಾಳಿ ತೋಟದಾಗ ನಿಂತು ಅದರ ಮರ್ಮ ಹಿಡದೆ. ಕುಡಿಕಿಗೆ ಗುರಿ ಇಟ್ರ ತಪ್ಪತದ. ನಾಲ್ಕು ಬೆರಳು ಕೆಳಗ ಇಡಬೇಕು, ಹಣಿಗೆ. ಹಂಗ ಇಟ್ಟು ಒಂಬತ್ತು ಕುಡಿಕಿ ಒಡದೀನಿ."

"ಮನುಷ್ಯಾನ ಹಣಿಗೆ ಗುರಿ ಇಟ್ಟು ಕುಡಿಕಿ ಒಡೀತೀರಿ? ಕಮಾಲ್ ಅದ!" ಎಂದ ಒಬ್ಬ ಪಾಹುಣ.

"ಅಭ್ಯಾಸಕ್ಕ ಹಳೇ ತೋಟಾ ಸುಟ್ಟೆ. ಹೊಸಾವು ನಿಮ್ಮ ಮುಂದ ಹಾರಸೂಣಂತ ಇಟ್ಟೀನಿ. ಹೊಗಿ ಬರಂಗಿಲ್ಲ, ಛಂದ ಕಾಣಸ್ತದ."

ದೊಡ್ಡವ್ವ ನನ್ನ ಕೈ ಬಿಟ್ಟಳು. ಓಡಿದಳು. ನಮ್ಮವರು ದಾಟಬಾರದ ಕಲ್ಲು ದಾಟಿ, ಅಂಗಳದ ನಡುವೆ ಹೋಗಿ ದೇಶಮುಖರ ಮುಂದೆ ಅಡ್ಡ ಬಿದ್ದಳು.

"ಹಣಿಗೆ ಇಡಬ್ಯಾಡ್ರಿ ಧಣಿ! ಹೊಸಾ ತೋಟಾ ಗುರಿ ಇಟ್ಟಲ್ಲೇ ಬೀಳ್ತದ. ಕುಡಿಕಿಗೇ ಇಡ್ರಿ, ನಿಮ್ಮ ಪಾದಕ್ಕ ಬೀಳ್ತೀನಿ!"

"ನಿನಗ ಹೆಂಗ ಗೊತ್ತು?"

"ಮಖ್ಖಿ ನಾ ತಿಕ್ಕೀನ್ರಿ. ಅಕ್ಕಿಕಾಳಿನಷ್ಟು."

ದೇಶಮುಖರು ಮಖ್ಖಿಯ ಮೇಲೆ ಹೆಬ್ಬೆರಳು ಆಡಿಸಿದರು. ಹೆಬ್ಬೆರಳಿಗೆ ಮಸಿ ಹತ್ತಿತು. ಅದನ್ನು ಪಾಹುಣರಿಗೆ ತೋರಿಸಿದರು.

"ನೋಡ್ರಿ, ನಮ್ಮ ತಮಂಚಾಕ್ಕ ಇಕಿ ಹಜಾಮತಿ ಮಾಡ್ಯಾಳ."

ಪಾಹುಣರು ನಕ್ಕರು. ಅವರು ನಗುವುದು ಮುಗಿಯುವವರೆಗೆ ದೇಶಮುಖರು ಕಾದರು. ಆಮೇಲೆ ದೊಡ್ಡಪ್ಪನನ್ನು ಕರೆದರು.

"ಏ ಮರ್ಯಾ! ನಿನ್ನ ಹೇಣ್ತಿ ಕುಡಿಕಿಗೆ ಇಡು ಅಂತಾಳ. ನನ್ನ ಕೈ ಹಣಿಗೆ ಇಡು ಅಂತದ. ಯಾರ್ದು ಖರೆ? ನೀ ಹೇಳಿದಂಗ ಮಾಡ್ತೀನಿ. ಅಕಿದು ಖರೆ ಅಂದ್ರ ಅಕಿ ನನ್ನ ತಮಂಚಾ ಕೆಡಸ್ಯಾಳಂತಾತು, ಹತ್ತೂ ಬೆರಳು ಇಲ್ಲೇ ಕಡಸ್ತೀನಿ. ಸುಳ್ಳಂದ್ರ ಹುಚ್ಚಿ ಅಂತ ಬಿಟ್ಟು ಬಿಡ್ತೀನಿ. ಹೇಳು."

"ಬೆರಳು ಹ್ವಾದ್ರ ಹೋಗ್ಲಿ!" ದೊಡ್ಡವ್ವ ಕೂಗಿದಳು. "ಖರೆ ಹೇಳು! ನಾ ತಿಕ್ಕೀನಿ, ನಾ ತಿಕ್ಕಿದ್ದು ಖರೆ ಅದ!"

ದೊಡ್ಡಪ್ಪ ಅವಳ ಕಡೆ ನೋಡಲಿಲ್ಲ. ತಲೆ ಅಲುಗಿಸದೆ, ತುಟಿಯನ್ನಷ್ಟೇ ಅಲುಗಿಸಿ ಹೇಳಿದ. "ಅಕಿ ಹುಚ್ಚಿ ಅದಾಳ್ರಿ ಧಣಿ. ಮದಲಿನಿಂದ ಹಂಗೇ. ನಿಮ್ಮ ಕೈದೇ ಖರೆ."

"ಕೇಳಿದ್ರಿಲ್ಲೋ?" ಎಂದು ದೇಶಮುಖರು ಪಾಹುಣರ ಕಡೆ ನೋಡಿದರು.

ಇಬ್ಬರು ಆಳುಗಳು ದೊಡ್ಡವ್ವನನ್ನು ಎಳೆದು ಹಿಡಿದರು. ದೇಶಮುಖರಿಗೆ ಅವಳು ಹೇಳಿದ್ದು ನಿಜ ಎಂದು ತಿಳಿದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಬರೆಯುವುದಿಲ್ಲ. ಹೆಬ್ಬೆರಳಿನ ಮಸಿಯನ್ನು ಅವರು ಧೋತರಕ್ಕೆ ಒರೆಸಿಕೊಂಡದ್ದು ನೋಡಿದೆ. ಕೈ ಎತ್ತಿದ್ದು ನೋಡಿದೆ. ಕೈ ಸ್ವಲ್ಪವೂ ನಡುಗಲಿಲ್ಲ.

ಹೊಗೆ ಬರಲಿಲ್ಲ. ದೊಡ್ಡಪ್ಪ ಕುಡಿಕೆಯ ಸಮೇತ ಹಿಂದಕ್ಕೆ ಬಿದ್ದ. ಕುಡಿಕೆ ನೆಲಕ್ಕೆ ಬಡಿದು ಒಡೆಯಿತು, ಕೆಂಪು ನೀರು ಹರಿಯಿತು. ಪಾಹುಣರು ಚಪ್ಪಾಳೆ ತಟ್ಟಿದರು. ಹಲಗೆಯವರು ಹಲಗೆ ಬಾರಿಸಿದರು. ಅವನು ಏಳಲಿಲ್ಲ ಎಂಬುದು ಎಲ್ಲರಿಗೂ ತಿಳಿಯುವವರೆಗೆ ಹಲಗೆ ಬಾರಿಸುತ್ತಲೇ ಇದ್ದರು.

ಗಾಯ ಹಣೆಯ ಮೇಲೆ, ಕೂದಲು ಶುರುವಾಗುವಲ್ಲಿ ಇತ್ತು. ದೇಶಮುಖರು ಗುರಿ ಇಟ್ಟ ಜಾಗವೇ. ದೊಡ್ಡವ್ವನ ಲೆಕ್ಕ ಒಂದು ಬೆರಳೂ ತಪ್ಪಿರಲಿಲ್ಲ.

ಸಂಜೆ ಊರಿನ ಪೊಲೀಸ್ ಪಾಟೀಲ ಬಂದು ಪಂಚನಾಮೆ ಬರೆದ. ಉರ್ದುವಿನಲ್ಲಿ ಬರೆದು ಕನ್ನಡದಲ್ಲಿ ಓದಿ ಹೇಳಿದ: ಕುಡಿಕೆ ಹೊತ್ತ ಮರೆಪ್ಪ ಎಂಬವನು ಗುಂಡು ಹಾರುವ ಹೊತ್ತಿಗೆ ಅಲುಗಾಡಿದ್ದರಿಂದ ಹೀಗಾಯಿತು. ನನ್ನ ಅಪ್ಪನಿಂದ ಅದರ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ದೊಡ್ಡಪ್ಪ ಅಲುಗಾಡಲಿಲ್ಲ. ಇದು ನಾನು ನೋಡಿದ್ದು.

ದೇಶಮುಖರು ದೊಡ್ಡವ್ವನ ಬೆರಳು ಕಡಿಸಲಿಲ್ಲ. "ಮರ್ಯಾಗ ಮಾತು ಕೊಟ್ಟೀನಿ, ತಪ್ಪಂಗಿಲ್ಲ" ಎಂದು ನಾಲ್ಕು ಜನರ ಮುಂದೆ ಹೇಳಿದರು. ಊರಿನವರು ಅದನ್ನು ದೊಡ್ಡ ಗುಣ ಎಂದು ಹೊಗಳಿದರು. ಮಣ್ಣು ಮಾಡಿದ ಐದನೆಯ ದಿನ ಅವಳನ್ನು ಅದೇ ಬಂಡಿಯಲ್ಲಿ ಕಲಬುರಗಿಗೆ ಕಳಿಸಿದರು. ಹದಿನೈದನೆಯ ದಿನ ತಮಂಚಾ ಬಂತು. ತಂದ ಆಳು ಬಾಗಿಲಲ್ಲೇ ನಿಂತು ಹೇಳಿದ:

"ಬಂಡೆಮ್ಮನ ಕೈಯಿಂದನೇ ಆಗಬೇಕಂತ. ಮಖ್ಖಿ ಮದಲ ಹೆಂಗಿತ್ತೋ ಹಂಗ. ತೋಟಾನೂ ಇನ್ನ ಮ್ಯಾಲ ಅಕಿ ತುಂಬಿದ್ದೇ ಅಂತ. ಹೊಸಾ ಡಬ್ಬಿ ಧಣಿ ಬಾವಿಗಿ ಒಗದಾರ."

ನಬಿಸಾಬರು ಅತ್ತರು. ಅವರು ಅತ್ತದ್ದು ನಾನು ಅದೇ ಮೊದಲು ನೋಡಿದ್ದು. "ಬ್ಯಾಡ ಬೇಟಿ. ನನ್ನ ಕಣ್ಣು ಹೋಗ್ಯಾವ, ಅಂಗಡಿ ಮುಚ್ಚೀನಿ ಅಂತ ಹೇಳಿ ಕಳಸ್ತೀನಿ. ಇದನ್ನ ನೀ ಮುಟ್ಟಬ್ಯಾಡ."

ದೊಡ್ಡವ್ವ ತಮಂಚಾ ತೆಗೆದುಕೊಂಡು ಕೂತಳು. "ಮುಂದಿನ ವರ್ಷ ನಮ್ಮ ಮೈದುನ ದತ್ತಪ್ಪ ನಿಂದರಬೇಕು" ಅಂದಳು. "ಬ್ಯಾರೆಯವ್ರು ಮಾಡಿದ್ರ ನಾ ನಂಬಂಗಿಲ್ಲ."

ಹಳೆಯ ಮಖ್ಖಿ ಕಿತ್ತು, ಹೊಸ ಚೂರು ಬೆಸುಗೆ ಹಾಕಿ, ಒಂದೂವರೆ ತೊಲದ ಗುಂಡಿಗೆ ಸರಿಯಾಗಿ ತಿಕ್ಕಿದಳು. ಗಂಡನನ್ನು ಕೊಂದ ತಮಂಚಾವನ್ನು ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಕೊಟ್ಟ ಹಾಗೆ ಎರಡೂ ಕೈಯಿಂದ ಆಳಿಗೆ ಕೊಟ್ಟಳು.

ಆಮೇಲೆ ಒಂದು ವರ್ಷ ಆಗುತ್ತ ಬಂತು. ನನ್ನ ಅವ್ವ ಹಾಸಿಗೆ ಹಿಡಿದಿದ್ದರಿಂದ ನಾನು ಶಾಲೆ ಬಿಟ್ಟು ಊರಿಗೆ ಬಂದೆ. ಸೊಲ್ಲಾಪುರದ ಗಿರಣಿಗೆ ಓಡಿ ಹೋಗೋಣ ಎಂದು ಅಪ್ಪನಿಗೆ ಮೂರು ಸಲ ಹೇಳಿದೆ.

"ನಾವು ಹ್ವಾದ್ರ ಕುಡಿಕಿ ನನ್ನ ತಮ್ಮ, ನಿನ ಖಂಡೆಪ್ಪ ಕಾಕಾನ ತಲಿಗೆ ಬರ್ತದ" ಎಂದ ಅಪ್ಪ. "ಅವನಿಗೂ ನಾಲ್ಕು ಮಕ್ಕಳು ಅವ. ಸುಮ್ಮನಿರು."

ಕಳೆದ ವಾರ ದೊಡ್ಡವ್ವನನ್ನು ನೋಡಲು ಕಲಬುರಗಿಗೆ ಬಂದೆ. ಬೆತ್ತದ ಏಟು ಬಿದ್ದ ಎರಡು ಬೆರಳು ಸೊಟ್ಟಾಗಿ ಕೂಡಿಕೊಂಡಿವೆ. ಕೈ ನಡುಗುತ್ತದೆ. ದೇಶಮುಖರು ತಿಕ್ಕಲು ಕಳಿಸಿದ ತಮಂಚಾ ಅಂಗಡಿಯಲ್ಲೇ ಇತ್ತು, ಅವಳು ಹಬ್ಬದ ತೋಟಾ ತುಂಬುತ್ತಿದ್ದಳು. ಮದ್ದು ತಕ್ಕಡಿಯ ಹೊರಗೆ ಚೆಲ್ಲಿತು. ಮತ್ತೆ ತೂಗಿದಳು, ಮತ್ತೆ ಚೆಲ್ಲಿತು. ಅವಳು ತುಂಬಿದ ಆರು ತೋಟಾವನ್ನು ನಂದೂರ ಕಣಿಯಲ್ಲಿ ನೋಡಿದೆವು. ಒಂದು ಮೇಲೆ, ಒಂದು ಕೆಳಗೆ, ಒಂದು ಬದಿಗೆ. ಒಟ್ಟಿನಲ್ಲಿ ಒಂದು ಗೇಣು ಹರಡಿದವು. ಒಂದು ತೋಟಾದಲ್ಲಿ ಆರು ಗುಲಗಂಜಿ, ಒಂದರಲ್ಲಿ ಒಂಬತ್ತು ಬಿದ್ದಿದ್ದರೆ ಹಾಗೆಯೇ ಆಗುತ್ತದೆ.

ಅವಳು ಅಳಲಿಲ್ಲ. ನನ್ನ ಬಲಗೈ ಎಳೆದುಕೊಂಡು, ಅಂಗೈ ಮೇಲೆ ಮಾಡಿ, ಅದರ ಮೇಲೆ ಒಂದು ಗುಲಗಂಜಿ ಇಟ್ಟು ನೂರು ಎಣಿಸುವವರೆಗೆ ನೋಡಿದಳು. ಗುಲಗಂಜಿ ಅಲುಗಲಿಲ್ಲ.

"ನಿನ ಕೈ ಶಾಂತ ಅದ" ಅಂದಳು.

ಮಹಾನವಮಿಗೆ ಇನ್ನು ಒಂಬತ್ತು ದಿನ. ಈ ವಾರವೆಲ್ಲ ಅವಳು ಹೇಳಿದ ಹಾಗೆ ಸೀಸ ಹೊಯ್ದಿದ್ದೇನೆ. ನಲವತ್ತು ಗುಂಡಿನಲ್ಲಿ ಸುಕ್ಕಿಲ್ಲದವು ಹನ್ನೊಂದು ಬಂದವು, ಉಳಿದವನ್ನು ಮತ್ತೆ ಕರಗಿಸಿದೆ. ನಾಳೆ ಬೆಳಿಗ್ಗೆ, ಬೀದಿಯಲ್ಲಿ ಗದ್ದಲ ಶುರುವಾಗುವ ಮುಂಚೆ, ನಾನು ತಕ್ಕಡಿಯ ಮುಂದೆ ಕೂತು ನನ್ನ ಅಪ್ಪನ ತಲೆಯ ಮೇಲಿನ ಕುಡಿಕೆಗೆ ಆರು ತೋಟಾ ತುಂಬುತ್ತೇನೆ.